ಡೆನೆಲ್ ಹಂಚಿದ್ದು

"ಆ ಕಡೆ ಗಟ್ಟಿಯಾಗಿ ಹಿಡ್ಕೋ ಹೋಬಾರ್ಟ್ ಮಾವ, ಬಿಟ್ಟರೆ ನನ್ನ ಕಾಲ್ಮೇಲೆ ಬೀಳುತ್ತೆ!"

ಬರ್ಡಿ ಕೂಗುತ್ತಿದ್ದಂತೆ ಅವಳ ತಾಯಿ ಅರ್ವೆಲ್ಲಾಳ ಹೊಲಿಗೆ ಯಂತ್ರ ಸಮುದಾಯ ಭವನದ ಬಾಗಿಲಿಗೊಮ್ಮೆ ಢಿಕ್ಕಿ ಹೊಡೆದು ಒಳಗೆ ಬಂತು. ಹೊರಗೆ ನವೆಂಬರಿನ ಗಾಳಿ ಚರ್ಮ ಸುಲಿಯುತ್ತಿತ್ತು. ಒಳಗೆ ಮಾಂಸದ ಸಾರಿನ ಆವಿ, ಎಣ್ಣೆಯಲ್ಲಿ ಕರಿದ ರೊಟ್ಟಿಯ ವಾಸನೆ. ಬೆಳಿಗ್ಗೆ ಅರ್ವೆಲ್ಲಾಳನ್ನು ಗುಡ್ಡದ ಮೇಲೆ ಮಣ್ಣು ಮಾಡಿಯಾಗಿತ್ತು, ಊಟವೂ ಮುಗಿದಿತ್ತು. ಉಳಿದದ್ದು ಹಂಚುವ ಕೆಲಸ. ಅಮೆರಿಕದ ಮೂಲನಿವಾಸಿಗಳಾದ ನಮ್ಮ ಲಕೋಟಾ ಜನರಲ್ಲಿ ಸತ್ತವರ ಮನೆಯವರು ಇದ್ದಬದ್ದದ್ದನ್ನೆಲ್ಲ ಊರಿಗೆ ಕೊಟ್ಟು ಕೈ ಖಾಲಿ ಮಾಡಿಕೊಳ್ಳಬೇಕು. ಕೊಟ್ಟದ್ದನ್ನು ಬೇಡ ಎನ್ನುವ ಹಾಗಿಲ್ಲ. ಕೊಟ್ಟವರು ವಾಪಸ್ಸು ಕೇಳುವ ಹಾಗಂತೂ ಇಲ್ಲವೇ ಇಲ್ಲ, ಹಾಗೆ ಕೇಳಿದವರ ಮನೆಯಲ್ಲಿ ನಾಯಿಯೂ ನೀರು ಕುಡಿಯುವುದಿಲ್ಲ.

ಬಾಗಿಲ ಪಕ್ಕದ ಬೆಂಚಿನಲ್ಲಿ ವಿಸ್ಕಾನ್ಸಿನ್ ರಾಜ್ಯದ ಸ್ವಯಂಸೇವಕರು ಮುದುಡಿ ಕೂತಿದ್ದರು. ಬೇಸಿಗೆ ಬಂತೆಂದರೆ ಇಂಥ ತಂಡಗಳು ನಮ್ಮ ಸೀಮೆಗೆ ಸಾಲುಗಟ್ಟಿ ಬರುತ್ತವೆ. ಮಕ್ಕಳನ್ನು ಆಡಿಸುತ್ತವೆ, ಬೇಲಿ ಕಟ್ಟುತ್ತವೆ, ಒಂದು ವಾರಕ್ಕೆ ಹೊರಟುಹೋಗುತ್ತವೆ. ಮಾರ್ಗಿಟ್ ಮಾತ್ರ ಬಿಡದೆ ಪ್ರತಿ ವರ್ಷ ಬಂದವಳು. ಅರ್ವೆಲ್ಲಾ ಸತ್ತ ಸುದ್ದಿ ಕೇಳಿ ತನ್ನ ತಂಡದ ಮೂವರನ್ನು ಕಾರಿಗೆ ಹತ್ತಿಸಿಕೊಂಡು ಬಂದಿದ್ದಳು.

"ಏನ್ ಮಾರ್ಗಿಟ್, ಈ ಸಲ ಬಣ್ಣದ ಡಬ್ಬಿ ತರ್ಲಿಲ್ವಾ?" ಹೋಬಾರ್ಟ್ ಕೆಣಕಿದ.

ಅಳುತ್ತಿದ್ದ ಮಾರ್ಗಿಟ್‌ಗೆ ನಗು ಬಂತು.

"ನಗ್ಬೇಡ ಕಣಮ್ಮ. ಅರ್ವೆಲ್ಲಾ ಮನೆಗೆ ನೀವು ಬಳಿದಷ್ಟು ಬಣ್ಣ ಇಡೀ ಸೀಮೆಗೆ ಯಾರೂ ಬಳಿದಿಲ್ಲ. ಒಂದು ವರ್ಷ ಹಳದಿ, ಒಂದು ವರ್ಷ ನೀಲಿ. ಸೋರ್ತಿದ್ದದ್ದು ಸೂರು!"

"ಅವಳು ಬಾಯಿಬಿಟ್ಟು ಹೇಳಿದ್ರೆ ತಾನೇ?" ಪಾತ್ರೆ ತೊಳೆಯುತ್ತಿದ್ದ ವೆಲ್ಮಾ ಅಡುಗೆಮನೆಯ ಕಿಟಕಿಯಿಂದ ತಲೆ ಹೊರಹಾಕಿದಳು. "'ಪಾಪ, ಅಷ್ಟು ದೂರದಿಂದ ಡಬ್ಬಿ ಹೊತ್ಕೊಂಡು ಬಂದವೆ, ಬಳ್ಕೊಳ್ಳಲಿ ಬಿಡು' ಅಂತಿದ್ಲು. ಮಳೆ ಬಂದ್ರೆ ಬಕೆಟ್ ಇಡ್ತಿದ್ಲು."

ಎಲ್ಲರೂ ನಕ್ಕರು. ಬರ್ಡಿ ನಗಲಿಲ್ಲ. ಅವಳ ಕಣ್ಣು ಭವನವನ್ನೆಲ್ಲ ಹುಡುಕುತ್ತಿತ್ತು.

"ಡೆನೆಲ್ ಎಲ್ಲಿ?"

"ಇನ್ನೂ ಏನೋ ತರ್ಬೇಕು ಅಂತ ಮನೆಗೆ ಹೋದ್ಲು." ವೆಲ್ಮಾ ಕಿಟಕಿಯಿಂದಲೇ ಹೇಳಿದಳು.

ಡೆನೆಲ್ ಬರ್ಡಿಯ ಅಕ್ಕನ ಮಗಳು, ಹದಿನೈದರ ಹುಡುಗಿ. ಅಕ್ಕ ತೀರಿಕೊಂಡ ಮೇಲೆ ಅವಳನ್ನೂ ಅವಳ ಅಣ್ಣ ಟೈರೆಲ್‌ನನ್ನೂ ಸಾಕಿದ್ದು ಅರ್ವೆಲ್ಲಾ. ಟೈರೆಲ್ ಹೋಗಿ ಎರಡು ವರ್ಷವಾಯಿತು. ಈಗ ಅಜ್ಜಿಯೂ ಹೋದಳು. ಬರ್ಡಿ ಇರುವುದು ರ‍್ಯಾಪಿಡ್ ಸಿಟಿಯಲ್ಲಿ, ಹೋಟೆಲೊಂದರ ಬಟ್ಟೆ ಒಗೆಯುವ ಕೆಲಸ, ಒಂದೇ ಕೋಣೆ, ಆ ಕೋಣೆಯಲ್ಲಿ ಕುಡಿದು ಬರುವ ಗಂಡಸೊಬ್ಬ. ಬೆಳಿಗ್ಗೆ ಗುಂಡಿಯ ಪಕ್ಕ ನಿಂತು ಹೋಬಾರ್ಟ್ ಕೇಳಿದ್ದ: "ಹುಡುಗಿ ಗತಿ ಏನೇ?"

"ನೋಡೋಣ ಮಾವ."

"ನೋಡೋಣ ಅಂದ್ರೆ? ನಮ್ಮಲ್ಲಿ ಚಿಕ್ಕಮ್ಮ ಅಂದ್ರೆ ಅಮ್ಮನೇ, ಮರೆತ್ಯಾ?"

ಆಗ ಡೆನೆಲ್ ಬರ್ಡಿಯ ಬೆನ್ನ ಹಿಂದೆಯೇ ಸಲಿಕೆ ಹಿಡಿದು ನಿಂತಿದ್ದಳು.

*

ಎರಡು ವರ್ಷದ ಹಿಂದಿನ ಬೇಸಿಗೆ. ತಂಡ ಹೊರಡುವ ದಿನ ಟೈರೆಲ್ ತನ್ನ ಹೊಸ ಬಾಸ್ಕೆಟ್‌ಬಾಲ್ ಶೂ ಬಿಚ್ಚಿ, ವಾರವಿಡೀ ತನ್ನ ಜೊತೆ ಆಡಿದ ಸ್ವಯಂಸೇವಕ ಹುಡುಗನಿಗೆ ಕೊಟ್ಟ. ಇನ್ನೊಬ್ಬನಿಗೆ ಟೋಪಿ, ಮತ್ತೊಬ್ಬಳಿಗೆ ಅಜ್ಜಿ ಹೊಲಿದ ನಕ್ಷತ್ರದ ಕೌದಿ. ಬರಿಗಾಲಲ್ಲಿ ಮಣ್ಣಿನಲ್ಲಿ ನಿಂತು ಕೈ ಬೀಸಿದ. ಅರ್ವೆಲ್ಲಾಳ ಎದೆ ಉಬ್ಬಿತು. ನಮ್ಮ ಹೆಂಗಸರು ಹೆಮ್ಮೆಯಾದಾಗ ಕೂಗುವ ಹಾಗೆ ನಾಲಗೆ ಹೊರಳಿಸಿ "ಲಿಲಿಲಿಲಿ" ಎಂದು ಕೂಗಿದಳು. "ನೋಡ್ರೋ, ನನ್ನ ಮೊಮ್ಮಗ! ಹಳೇ ಕಾಲದ ನಾಯಕರ ಹಾಗೆ!" ಎಂದು ನೆರೆಯವರಿಗೆಲ್ಲ ಹೇಳಿಕೊಂಡು ಬಂದಳು.

ಆ ವಾರವೇ ಹಿತ್ತಲ ಕೊಟ್ಟಿಗೆಯಲ್ಲಿ ಅವನ ಹೆಣ ಸಿಕ್ಕಿತು. ತಾನೇ ಜೀವ ಕಳೆದುಕೊಂಡಿದ್ದ.

ಮುಂದಿನ ಬೇಸಿಗೆ ಮಾರ್ಗಿಟ್ ಹೊಸ ತಂಡದೊಂದಿಗೆ ಬಂದಳು. ಅವರು ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಅರ್ವೆಲ್ಲಾ ಅವರು ಇಳಿದುಕೊಂಡಿದ್ದ ಚರ್ಚಿನ ನೆಲಮಾಳಿಗೆಗೆ ಹೋಗಿ ಅವರೆದುರು ನಿಂತಳು. ಸಕ್ಕರೆ ಕಾಯಿಲೆಯಿಂದ ಕಾಲು ಊದಿಕೊಂಡಿತ್ತು, ಕೂರು ಎಂದರೂ ಕೂರಲಿಲ್ಲ.

"ಯಾವ ಮಗುವಾದ್ರೂ ತನ್ನ ಸಾಮಾನು ತಂದು ಕೊಟ್ರೆ ಖುಷಿಪಟ್ಟು ಚೀಲಕ್ಕೆ ಹಾಕ್ಕೋಬೇಡಿ. ಓಡಿ ಬಂದು ನಂಗೆ ಹೇಳಿ. ನಾನು ಅವತ್ತು ಕೂಗಿ ಹೊಗಳಿದೆ. ಕೈ ಹಿಡ್ಕೋಬೇಕಿತ್ತು, ಹೊಗಳಿಬಿಟ್ಟೆ."

"ಊರಿನವರಿಗೂ ಹೇಳ್ಬಾರ್ದಾ ಅರ್ವೆಲ್ಲಾ?" ಎಂದಳು ಮಾರ್ಗಿಟ್.

"ಏನಂತ ಹೇಳ್ಲಿ? ಕೊಡೋರ ಮೇಲೆ ಅನುಮಾನ ಪಡಿ ಅಂತಲಾ? ಕೊಡೋದೊಂದೇ ಕಣಮ್ಮ ನಮ್ಮ ಹತ್ರ ಉಳಿದಿರೋದು."

ಅಂದಿನಿಂದ ಅವಳ ಒಲೆಯ ಮೇಲಿಂದ ಸಾರಿನ ಪಾತ್ರೆ ಇಳಿಯಲಿಲ್ಲ. ತಂಡಗಳು ಬೇಸಿಗೆಗೆ ಬರುತ್ತಿದ್ದವು. ಹೆಚ್ಚಿನ ಮಕ್ಕಳಿಗೆ ಬದುಕು ಬೇಡವಾಗುತ್ತಿದ್ದದ್ದು ಚಳಿಗಾಲದಲ್ಲಿ. ಬಂದ ಮಕ್ಕಳನ್ನು ಅವಳು ಏನೂ ಕೇಳುತ್ತಿರಲಿಲ್ಲ. ತಟ್ಟೆ ಇಟ್ಟು, ತಿಂದು ಮುಗಿಯುವವರೆಗೆ ಎದುರಿಗೆ ಕೂತಿರುತ್ತಿದ್ದಳು.

*

ಡೆನೆಲ್ ಭವನಕ್ಕೆ ವಾಪಸ್ಸು ಬಂದಾಗ ಹೋಬಾರ್ಟ್ ಮೈಕು ಹಿಡಿದು ಹೆಸರು ಕರೆಯುತ್ತಿದ್ದ. ಕೌದಿಗಳು ಹೋದವು, ಹೊಲಿಗೆ ಯಂತ್ರ ಹೋಯಿತು, ಸಾರಿನ ಪಾತ್ರೆ ಶಾಲೆಯ ಅಡುಗೆಯವಳ ಪಾಲಾಯಿತು. ಹುಡುಗಿ ಕಪ್ಪು ಪ್ಲಾಸ್ಟಿಕ್ ಚೀಲ ನೆಲಕ್ಕೆ ಸುರಿದು ತಾನೇ ಒಂದೊಂದಾಗಿ ಹಂಚತೊಡಗಿದಳು. ಅಣ್ಣನ ಚೆಂಡು ಹೋಬಾರ್ಟ್‌ಗೆ. ಮಣಿಯ ಹಾರ ಗೆಳತಿಗೆ. ಶಾಲೆಯ ಚೀಲ, ಹಾಡು ಕೇಳುವ ಪೆಟ್ಟಿಗೆ, ಹಾಸಿಗೆಯ ಹೊದಿಕೆ. ಕೊನೆಗೆ ಮೈಮೇಲಿದ್ದ ಕೋಟು ಬಿಚ್ಚಿ ವೆಲ್ಮಾಳ ಹೆಗಲಿಗೆ ಹೊದಿಸಿದಳು. ಮುಖ ಶಾಂತವಾಗಿತ್ತು. ಎಷ್ಟೋ ದಿನದ ಮೇಲೆ ಅವಳು ಮುಗುಳ್ನಕ್ಕದ್ದನ್ನು ಜನ ನೋಡಿದರು.

"ಅರ್ವೆಲ್ಲಾ ಮೊಮ್ಮಗಳು ಅಂದ್ರೆ ಇವಳು! ಸೈ ಮಗಳೇ!" ಹೋಬಾರ್ಟ್ ಮೈಕಿನಲ್ಲಿ ಕೂಗಿದ. ಹೆಂಗಸರ ಲಿಲಿಲಿ ಭವನದ ತಗಡಿಗೆ ಬಡಿಯಿತು.

ಮಾರ್ಗಿಟ್ ಬರ್ಡಿಯಿದ್ದ ಅಡುಗೆಮನೆಗೆ ಓಡಿಬಂದಳು. ತುಟಿ ಬಿಳಿಚಿತ್ತು.

"ಬರ್ಡಿ, ಅದು ಅಜ್ಜಿ ಸಾಮಾನಲ್ಲ. ಎಲ್ಲ ಅವಳದ್ದೇ."

"ಕೊಡ್ಲಿ ಬಿಡಿ. ಇದು ನಮ್ಮ ಪದ್ಧತಿ, ನಿಮಗೆ ಗೊತ್ತಾಗಲ್ಲ."

"ಗೊತ್ತು. ನಿಮ್ಮಮ್ಮನೇ ಹೇಳಿಕೊಟ್ಟದ್ದು. ಟೈರೆಲ್ ಹೋಗೋ ಮುಂಚೆ ಏನೇನು ಕೊಟ್ಟ ಅಂತ ನಿಮಗೆ ಯಾರೂ ಹೇಳ್ಲಿಲ್ವಾ?"

ಯಾರೂ ಹೇಳಿರಲಿಲ್ಲ. ಮಾರ್ಗಿಟ್ ನಾಲ್ಕು ಮಾತಿನಲ್ಲಿ ಹೇಳಿದಳು. ಬರ್ಡಿಯ ಕೈಯಿಂದ ಸೌಟು ಜಾರಿತು. ಜನರನ್ನು ತಳ್ಳಿಕೊಂಡು ನೇರ ವೆಲ್ಮಾಳ ಮುಂದೆ ಹೋಗಿ ನಿಂತಳು.

"ವೆಲ್ಮಕ್ಕ, ಆ ಕೋಟು ಕೊಡು."

ವೆಲ್ಮಾ ಕೋಟನ್ನು ಎದೆಗೆ ಎಳೆದುಕೊಂಡಳು.

"ಏನಂದೆ? ಕೊಟ್ಟದ್ದನ್ನ ಕೇಳ್ತಿದ್ದೀಯಾ? ಅದೂ ನಿಮ್ಮಮ್ಮನ್ನ ಮಣ್ಣು ಮಾಡಿದ ದಿನ?"

"ಹೌದು, ಕೇಳ್ತಿದ್ದೀನಿ. ಮಾನ ಹೋದ್ರೆ ಹೋಗ್ಲಿ, ಕೊಡು!"

ಹೆಗಲಿಂದ ಕಿತ್ತೇಬಿಟ್ಟಳು. "ಥೂ, ಪಟ್ಟಣ ಸೇರಿ ಕೆಟ್ಟಳು" ಎಂದು ಯಾರೋ ಉಗಿದರು. ಡೆನೆಲ್‌ಳ ಮುಖ ಕೆಂಪಾಯಿತು.

"ಎಲ್ಲರೆದುರು ನನ್ನ ಮರ್ಯಾದೆ ಯಾಕೆ ಕಳೀತೀಯ ಚಿಕ್ಕಮ್ಮ?"

"ನಾಳೆ ಏನು ಹಾಕ್ಕೊಳ್ತೀಯಾ?"

ಹುಡುಗಿ ಖಾಲಿ ಚೀಲ ಮಡಚತೊಡಗಿದಳು.

"ಹೇಳೇ. ನಾಳೆ ಬೆಳಿಗ್ಗೆ ಶಾಲೆಗೆ ಏನು ಹಾಕ್ಕೊಂಡು ಹೋಗ್ತೀಯಾ?"

"ನಾಳೆ ವಿಷಯ ನಿಂಗ್ಯಾಕೆ?" ಡೆನೆಲ್‌ಳ ದನಿ ತಣ್ಣಗಿತ್ತು. "ಬೆಳಿಗ್ಗೆ 'ನೋಡೋಣ' ಅಂದ್ಯಲ್ಲ. ನೋಡ್ಕೋ."

ಬಾಗಿಲು ದೂಡಿ ಹೊರಟುಹೋದಳು. ತೆಳು ಅಂಗಿಯಲ್ಲಿ, ಆ ಗಾಳಿಗೆ.

ಕೋಟು ಕೈಯಲ್ಲಿ ಹಿಡಿದು ನಿಂತ ಬರ್ಡಿ ಹೋಬಾರ್ಟ್‌ನ ಮುಖ ನೋಡಿದಳು. "ಮಾವ, ಟೈರೆಲ್ ಶೂ ಕೊಟ್ಟದ್ದು ನೆನಪಿದೆಯಾ? ಕೊಟ್ಟ ವಾರವೇ ಹೋದ ಅಲ್ವಾ?"

ಮುದುಕ ತನ್ನ ಮಡಿಲಲ್ಲಿದ್ದ ಚೆಂಡನ್ನು ಹಾವು ನೋಡಿದಂತೆ ನೋಡಿದ. ಬರ್ಡಿ ಆಗಲೇ ಓಡುತ್ತಿದ್ದಳು.

*

ಹೊತ್ತು ಮುಳುಗುವುದರಲ್ಲಿತ್ತು. ಹೆದ್ದಾರಿಯ ಅಂಚಿನಲ್ಲಿ ಡೆನೆಲ್ ಕೈ ಬೀಸಿಕೊಂಡು ನಡೆಯುತ್ತಿದ್ದಳು. ಆ ಕಡೆ ಮನೆಯಿಲ್ಲ, ಅಂಗಡಿಯಿಲ್ಲ, ಸೇತುವೆ ಮಾತ್ರ.

"ಹಿಂದೆ ಬರ್ಬೇಡ!"

"ಬರ್ತೀನಿ." ಬರ್ಡಿಗೆ ಉಸಿರು ಸಾಲುತ್ತಿರಲಿಲ್ಲ. "ನನ್ನ ಹತ್ರ ಇರೋದು ಒಂದು ಕೋಣೆ. ಅಲ್ಲಿರೋನು ಕೆಟ್ಟವನು, ಅವನನ್ನ ಓಡಿಸ್ತೀನಿ. ಓಡಿಸೋಕಾಗದಿದ್ರೆ ನಾವೇ ಬೇರೆ ಕಡೆ ಹೋಗೋಣ. ಎಲ್ಲಿಗೆ ಅಂತ ಗೊತ್ತಿಲ್ಲ ಕಣೇ. ನಂಗೂ ಭಯ ಆಗ್ತಿದೆ. ಕೋಟು ಹಾಕ್ಕೋ."

"ಸುಳ್ಳು."

"ಸುಳ್ಳಾದ್ರೂ ಹಾಕ್ಕೋ!"

ಡೆನೆಲ್ ನಿಲ್ಲಲಿಲ್ಲ. ಬರ್ಡಿ ಕೈ ಚಾಚಿದರೆ ಎಟುಕುವಷ್ಟು ಹಿಂದೆ ಉಳಿದಳು. ಮುಟ್ಟಿದರೆ ಓಡಿಬಿಡುತ್ತಾಳೆ ಎಂಬ ಹೆದರಿಕೆ.

ಬೆನ್ನ ಹಿಂದೆ ಜಲ್ಲಿಕಲ್ಲಿನ ಮೇಲೆ ಹೆಜ್ಜೆ ಸದ್ದಾಯಿತು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಹೋಬಾರ್ಟ್ ಕುಂಟುತ್ತ ಬರುತ್ತಿದ್ದ. ಅವನ ಹಿಂದೆ ಚಪ್ಪಲಿಯಲ್ಲೇ ಎದ್ದು ಬಂದ ವೆಲ್ಮಾ, ಮಣಿಯ ಹಾರ ಮುಷ್ಟಿಯಲ್ಲಿ ಬಿಗಿಹಿಡಿದ ಗೆಳತಿ, ಹೊದಿಕೆ ಹೊತ್ತ ಯಾರೋ, ಮಾರ್ಗಿಟ್. ಕಾರುಗಳು ಒಂದೊಂದಾಗಿ ದೀಪ ಹಾಕಿಕೊಂಡು ಭವನದ ಅಂಗಳದಿಂದ ರಸ್ತೆಗಿಳಿದು, ನಡೆಯುವವರ ವೇಗಕ್ಕೆ ತೆವಳತೊಡಗಿದವು. ಯಾರೂ ಕೂಗಲಿಲ್ಲ, ಯಾರೂ ಅವಳನ್ನು ಹಿಂದೆ ಹಾಕಿ ಹೋಗಲಿಲ್ಲ. ಮುಂದೆ ಹುಡುಗಿ, ಅವಳ ಹಿಂದೆ ಕೋಟು ಬಿಡಿಸಿ ಹಿಡಿದ ಬರ್ಡಿ, ಬರ್ಡಿಯ ಹಿಂದೆ ಆ ಹುಡುಗಿ ಕೊಟ್ಟದ್ದನ್ನೆಲ್ಲ ಹೊತ್ತುಕೊಂಡು ಇಡೀ ಊರು ಸೇತುವೆಯ ಕಡೆ ನಡೆಯುತ್ತಿತ್ತು.