ಕಸೆ ಕಟ್ಟಿದ ಹೊದಿಕೆ

ನನ್ನ ಹೆಂಡತಿ ನಲವತ್ತು ವರ್ಷ ಹೆಂಗಸರ ಬಟ್ಟೆ ಹೊಲಿದಳು. ಅಂಗಡಿಯ ಮುಂಭಾಗದಲ್ಲಿ ಕೂತು ನಾನು ಗುಂಡಿ ಹಚ್ಚುತ್ತಿದ್ದೆ, ಇಸ್ತ್ರಿ ಮಾಡುತ್ತಿದ್ದೆ. ಹಿಂಭಾಗದಲ್ಲಿ ಒಂದು ಹಸಿರು ಪರದೆ. ಅದರಾಚೆ ಅವಳು ಅಳತೆ ತೆಗೆಯುತ್ತಿದ್ದಳು. “ಈಗ ಭುಜಕ್ಕೆ ಹಿಡೀತೀನಮ್ಮ, ಈಗ ಸೊಂಟಕ್ಕೆ” ಎಂದು ಹೇಳಿಯೇ ಟೇಪು ಮುಟ್ಟಿಸುತ್ತಿದ್ದಳು. ಆ ಪರದೆಯನ್ನು ನಾನು ಒಂದು ದಿನವೂ ಸರಿಸಿದವನಲ್ಲ.

ಅಂಥವಳು ಕಳೆದ ವರ್ಷ ಜಾರಿ ಬಿದ್ದು, ಮೂಳೆ ಮುರಿದು ಆಸ್ಪತ್ರೆ ಸೇರಿದಳು. ಮಲಗಿದಲ್ಲೇ ಮಲಗಿ ಬಲ ಸೊಂಟದ ಕೆಳಗೆ ಹುಣ್ಣಾಯಿತು. ಅದನ್ನು ಯಾರಿಗೂ ತೋರಿಸಲೊಲ್ಲಳು. ಜ್ವರ ಮಾತ್ರ ಏರುತ್ತಲೇ ಇತ್ತು.

ಒಂದು ಬೆಳಿಗ್ಗೆ ದೊಡ್ಡ ಡಾಕ್ಟರು ಏಳೆಂಟು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದರು.

“ಹುಣ್ಣು ನೋಡ್ಬೇಕಲ್ಲ, ಯಜಮಾನ್ರೇ?” ಎಂದು ನನ್ನನ್ನು ಕೇಳಿದರು.

ಅವಳು ಹೊದಿಕೆಯ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. ನನಗೆ ಅವಳ ಜೀವದ ಭಯ. “ನೋಡಿ ಸಾರ್, ಅವಳನ್ನೇನು ಕೇಳೋದು” ಎಂದುಬಿಟ್ಟೆ. ಯಾರೋ ಹೊದಿಕೆ ಎಳೆದರು. ಅಷ್ಟೂ ಮುಖಗಳು ಬಗ್ಗಿದವು. ಅವಳು ಗೋಡೆಯ ಕಡೆ ತಿರುಗಿಕೊಂಡಳು.

ಆಮೇಲೆ ಮೂರು ದಿನ ನನ್ನೊಡನೆ ಮಾತಿಲ್ಲ. ಡ್ರೆಸಿಂಗಿಗೆ ಬಂದವರನ್ನೆಲ್ಲ ಹಿಂದಕ್ಕೆ ಕಳಿಸಿದಳು. ನಾನು ಮೊಗಸಾಲೆಯ ಬೆಂಚಿನ ಮೇಲೆ ಕೂತು ದೇವರಲ್ಲಿ ಅವಳ ಜೀವ ಬೇಡುತ್ತಿದ್ದೆ. ನನ್ನ ತಪ್ಪಿನ ಮಾತು ಆ ಪ್ರಾರ್ಥನೆಯಲ್ಲಿ ಎಲ್ಲೂ ಬರಲಿಲ್ಲ ಎಂಬುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೂರನೆಯ ದಿನ ವಾರ್ಡಿಗೆ ಬೇರೆ ನರ್ಸು ಬಂದಳು. ದಪ್ಪ ಕನ್ನಡಕ, ಮೆಲ್ಲಗಿನ ನಡಿಗೆ. ಪರದೆ ಎಳೆದು, ನನ್ನವಳ ಕಿವಿಯ ಹತ್ತಿರ ಬಗ್ಗಿ ಏನೋ ಕೇಳಿ, ನನ್ನ ಕಡೆ ತಿರುಗಿದಳು.

“ತಾತ, ನೀವು ಹೊರಗಿರಿ.”

“ನಾನು ಗಂಡ ಕಣಮ್ಮ.”

“ಗೊತ್ತು. ಅಜ್ಜೀನ ಕೇಳ್ದೆ, ಬೇಡ ಅಂದ್ರು.”

ಹೊರಗೆ ನಿಂತೆ. ಒಳಗಿನ ಮಾತೆಲ್ಲ ಕೇಳುತ್ತಿತ್ತು.

“ಅಜ್ಜಿ, ಹೇಗೆ ಮಾಡಿದ್ರೆ ನಿಮಗೆ ಸರಿ? ನೀವೇ ಹೇಳಿ.”

ಬಳಿಕ ನನ್ನವಳ ಗಟ್ಟಿ ದನಿ, ಅಂಗಡಿಯ ದನಿ: “ಹೊದಿಕೇಲಿ ಬಲಗಡೆ ಅಂಗೈಯಗಲ ಕಿಟಕಿ ಕತ್ತರಿಸ್ಬೇಕು. ಮೇಲೊಂದು ಮುಚ್ಚು ಪಟ್ಟಿ, ಕಟ್ಟೋಕೆ ನಾಲ್ಕು ಕಸೆ. ಹುಣ್ಣು ನೋಡೋರು ಹುಣ್ಣು ನೋಡ್ಲಿ. ನನ್ನನ್ನೇಕೆ ನೋಡ್ಬೇಕು?”

ನಾನು ನೇರ ಮನೆಗೆ ಹೋದೆ. ಮೆತ್ತಗಿನ ಹಳೆಯ ದುಪ್ಪಟಿಯೊಂದನ್ನು ಮೇಜಿನ ಮೇಲೆ ಹರಡಿ, ಅವಳ ಮಿಷನ್ನಿನಲ್ಲಿ ಹೊಲಿದೆ. ದಾರ ಎಂಟು ಸಲ ತುಂಡಾಯಿತು. ಮಧ್ಯಾಹ್ನ ಅದನ್ನು ನರ್ಸಿನ ಕೈಗೆ ಕೊಟ್ಟು ಪರದೆಯ ಈಚೆಯೇ ನಿಂತೆ.

ಒಳಗಿನಿಂದ ನಗು ಕೇಳಿತು.

“ರೀ, ಬನ್ನಿ ಇಲ್ಲಿ.”

ಹೋದೆ. ಕಿಟಕಿ ಅವಳ ಎಡ ಸೊಂಟದ ಮೇಲಿತ್ತು. ಬಟ್ಟೆಯ ಎದುರು ನಿಂತು ನನ್ನ ಬಲವನ್ನು ಅವಳ ಬಲವೆಂದು ಕತ್ತರಿಸಿದ್ದೆ.

“ನಲವತ್ತು ವರ್ಷ ಅಂಗಡೀಲಿ ಕೂತು ಏನ್ರೀ ಕಲಿತಿರಿ?”

“ಮಗುಚಿ ಹೊದೆಸಿದ್ರೆ ಸರಿಹೋಗಲ್ವೇನೇ?”

“ಒಳಹೊಲಿಗೆ ಮೇಲೆ ಮಾಡ್ಕೊಂಡು ಮಲಗಲಾ? ಇದ್ದಬದ್ದ ಮಾನ ನೀವೇ ಕಳೀತೀರಿ.”

“ತಪ್ಪಾಯ್ತು.”

“ಬಟ್ಟೆದಾ, ಆವತ್ತು ಬೆಳಿಗ್ಗೇದಾ?”

“ಎರಡೂ.”

ಅವಳು ನನ್ನ ಹೊಲಿಗೆಯನ್ನು ಬೆರಳಲ್ಲಿ ಸವರಿದಳು. “ಬಟ್ಟೆ ನಾನು ಸರಿಮಾಡ್ಕೋತೀನಿ, ಸೂಜಿ ದಾರ ತನ್ನಿ. ಇನ್ನೊಂದಕ್ಕೆ, ಇನ್ಮೇಲೆ ನನ್ನ ಕೇಳಿ. ನಾನಿನ್ನೂ ಇದೀನಿ.”

ಬಟ್ಟೆಯನ್ನು ಮಗುಚಿ, ಮಲಗಿಕೊಂಡೇ ಪಟ್ಟಿ ಬಿಚ್ಚಿ ಮೇಲ್ಮಗ್ಗುಲಿಗೆ ಹಚ್ಚಿದಳು. ನನ್ನ ಒರಟು ಅಂಚುಗಳನ್ನೆಲ್ಲ ಒಳಗೆ ಮಡಿಸಿ ಹೊಲಿದಳು. ಸಂಜೆಯೊಳಗೆ ಡ್ರೆಸಿಂಗ್ ಆಯಿತು. ದೊಡ್ಡ ಡಾಕ್ಟರೂ ಮರುದಿನ ಪರದೆಯ ಹೊರಗೆ ನಿಂತು, “ಅಮ್ಮ, ಒಳಗೆ ಬರ್ಲಾ?” ಎಂದು ಕೇಳಿದರು. “ಒಬ್ರೇ ಬನ್ನಿ” ಎಂದಳು.

ಹುಣ್ಣು ಮಾಯಿತು; ಆಮೇಲೂ ಅವಳು ಅದೇ ಹೊದಿಕೆ ಹೊದೆಯುತ್ತಿದ್ದಳು. ಆದರೆ ಇಪ್ಪತ್ತು ದಿನದ ಮೇಲೆ, ನಾನು ಅವಳ ತಲೆ ಬಾಚುತ್ತಿದ್ದಾಗಲೇ ಎದೆಬಡಿತ ನಿಂತುಹೋಯಿತು. ದೇವರು ಕೊಟ್ಟಿದ್ದ, ದೇವರು ಕರೆದುಕೊಂಡ. ಹೀಗೆಂದು ಬಾಯಿ ಹೇಳುತ್ತದೆ. ಮನಸ್ಸು ಇನ್ನೂ ಕಲಿಯುತ್ತಿದೆ.

ಕನ್ನಡಕದ ನರ್ಸು ಬಿಸಿನೀರಿನ ಬೇಸಿನ್ನು ತಂದಳು.

“ತಾತ, ಮೈ ಒರೆಸ್ಬೇಕು. ಶುರು ಮಾಡ್ಲಾ?”

“ನನ್ನ ಕೇಳ್ಬೇಡಮ್ಮ. ಅವಳನ್ನ ಕೇಳು.”

ನರ್ಸು ನನ್ನನ್ನು ವಿಚಿತ್ರವಾಗಿ ನೋಡಲಿಲ್ಲ. ಬಗ್ಗಿ, ಕಿವಿಯ ಹತ್ತಿರ ಹೇಳಿದಳು: “ಅಜ್ಜೀ, ಕಸೆ ಬಿಚ್ತೀನಿ.”

ನಾನು ಪರದೆಯ ಈಚೆಗೆ ಬಂದು ಕೈಮುಗಿದು ನಿಂತೆ. ಬಟ್ಟೆ ಹಿಂಡಿದ ನೀರು ಬೇಸಿನ್ನಿಗೆ ಬೀಳುವ ಸದ್ದು ಕೇಳುತ್ತಿತ್ತು. “ಈಗ ಭುಜ ಅಜ್ಜೀ. ಈಗ ಎಡಗೈ.” ಒಂದೊಂದು ಸಲವೂ ಹೇಳಿ, ಉತ್ತರ ಬರುವಷ್ಟು ಹೊತ್ತು ಕಾದು, ಆಮೇಲೆ ಮುಟ್ಟುತ್ತಿದ್ದಳು.