ಮಣಿಕಟ್ಟಿನ ಚೂರು

ಉಗುರು ಕತ್ತರಿಸಲು ಬಂದ ನರ್ಸಿನ ಕೈಗೆ ನಿಮಿಯಾ ತನ್ನ ಬಲಗೈ ಕೊಡಲೇ ಇಲ್ಲ. ಇಪ್ಪತ್ತು ವರ್ಷದಿಂದ ಮದುವೆಮನೆಗಳಲ್ಲಿ ಹಾರ್ಪ್ ಎಂಬ ಆಳೆತ್ತರದ ತಂತಿವಾದ್ಯ ನುಡಿಸುತ್ತ ಬಂದವಳು. ನಮ್ಮಲ್ಲಿ ಹಾರ್ಪಿನ ತಂತಿ ಮೀಟುವುದು ಉಗುರಿನಿಂದ. ಉಗುರು ಹೋದರೆ ನಾದವೂ ಹೋದಂತೆ. ಕತ್ತರಿಸದೆ ಆಪರೇಷನ್ ಇಲ್ಲ ಎಂದು ನರ್ಸ್ ಪಟ್ಟು ಹಿಡಿದಳು. "ಎಡಗೈದಾದ್ರೂ ಬಿಡವ್ವಾ," ಎಂದು ನಿಮಿಯಾ ಚೌಕಾಸಿಗಿಳಿದಳು. ಬಿದ್ದ ಉಗುರುಗಳನ್ನು ಅವಳ ಜೊತೆ ಗಿಟಾರ್ ನುಡಿಸುವ ಅಣ್ಣ ವಿಲ್ಫ್ರಿಡೊ ಹೆಕ್ಕಿ ಕರವಸ್ತ್ರದಲ್ಲಿ ಕಟ್ಟಿಕೊಂಡ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ಗ್ವಾರಂಬಾರೆ ಊರಲ್ಲಿ ಬಸ್ಸಿನಿಂದ ಇಳಿಸುವಾಗ ಹಾರ್ಪ್ ಜಾರಿತ್ತು. ಹಿಡಿಯಲು ಕೈಚಾಚಿದ ನಿಮಿಯಾಳ ಬಲಗೈ ಉಂಗುರ ಬೆರಳಿನ ತುದಿಗೆ ಅದರ ಅಂಚು ಗುದ್ದಿತು. ಹಾರ್ಪಿಗೆ ಒಂದು ಗೀರೂ ಬೀಳಲಿಲ್ಲ, ಬೆರಳು ಮಾತ್ರ ನಡುಗೆಣ್ಣಿನಲ್ಲಿ ಸೊಟ್ಟಗಾಯಿತು. ಊರಿನ ಅರ್ಧ ಜನರ ಮೂಳೆ ಕೂರಿಸಿದ ಡಿಯೊಲಿಂಡ ಅಜ್ಜಿ ಒಮ್ಮೆ ಎಳೆದಳು, ಟಕ್ಕೆಂದಿತು, ನೆಟ್ಟಗಾಯಿತು. ನೆಟ್ಟಗಿರುವ ಬೆರಳನ್ನು ಮಡಿಸಿ ನೋಡು ಎಂದು ಯಾರೂ ಹೇಳಲಿಲ್ಲ. ಆ ಬೆರಳಿನಲ್ಲೇ ನಿಮಿಯಾ ಮೂರು ಮದುವೆ ನುಡಿಸಿದಳು. ಸ್ವರ ಮಂಕಾದಾಗ ತಂತಿಯನ್ನು ಬೈದು ಹೊಸತು ಹಾಕಿಸಿದಳು. ಕುಣಿಯಲು ಬಾರದವಳಿಗೆ ನೆಲ ಡೊಂಕು.

ಮಡಿಸಲಾಗದ ಬೆರಳನ್ನು ಅವಳು ಮುಚ್ಚಿಟ್ಟ ಕಳ್ಳತನ ಹಿಡಿದವನು ವಿಲ್ಫ್ರಿಡೊ, ಅದೂ ತೆರೆರೆ ಕುಡಿಯುವಾಗ. ಸೊಪ್ಪಿನ ಪುಡಿಯ ಮೇಲೆ ಐಸ್ ನೀರು ಸುರಿದ ಒಂದೇ ಕೊಂಬಿನ ಬಟ್ಟಲು ಕೈಯಿಂದ ಕೈಗೆ ಸುತ್ತುತ್ತದೆ. 'ಉಪಕಾರ ಆಯ್ತು' ಎಂದವರಿಗೆ ಮತ್ತೆ ಕೊಡುವುದಿಲ್ಲ. ಹೂಜಿ ಬರಿದಾಗುವವರೆಗೂ ಆ ಮಾತು ಎತ್ತದ ನಿಮಿಯಾ ಈಗ ಮೊದಲ ಸುತ್ತಿಗೇ ಉಪಕಾರ ಹೇಳತೊಡಗಿದ್ದಳು. ಅವನು ಬೇಕೆಂದೇ ಬಟ್ಟಲನ್ನು ಅವಳ ಬಲಗೈಗೆ ತುರುಕಿದ. ಅದು ಜಾರಿ ಲಂಗವೆಲ್ಲ ತೊಯ್ದಿತು.

"ಎಷ್ಟು ದಿನದಿಂದ ಹಿಂಗೆ?" ಎಂದ.

"ನೀನು ನಿನ್ನ ಗಿಟಾರ್ ನೋಡ್ಕೋ ಹೋಗು," ಎಂದವಳು ಅಲ್ಲೇ ಅತ್ತುಬಿಟ್ಟಳು. ಆ ಬೆರಳು ಹೋದರೆ ಹಾರ್ಪ್ ಹೋಯಿತು ಎಂದು ಇಬ್ಬರಿಗೂ ಗೊತ್ತಿತ್ತು.

ರಾಜಧಾನಿ ಅಸುನ್ಸಿಯೋನಿನ ಡಾಕ್ಟರ್ ಯೆಗ್ರೋಸ್ ಗಟ್ಟಿಗಿತ್ತಿ. ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದಳು. ಗೆಣ್ಣಿನ ಗುಳಿಯ ಅಂಚು ಮುರಿದಿದೆ, ಅದಕ್ಕೇ ಮಡಿಸಲು ಹೋದಾಗಲೆಲ್ಲ ಮೂಳೆ ಹಿಂದಕ್ಕೆ ಜಾರುತ್ತದೆ, ಎಷ್ಟು ಎಳೆದರೂ ನಿಲ್ಲುವುದಿಲ್ಲ. ಮಣಿಕಟ್ಟಿನ ಒಂದು ಮೂಳೆಯಿಂದ ಚೂರು ತೆಗೆದು ಅಲ್ಲಿ ಕೂರಿಸಬೇಕು. ಆ ಚೂರು, ಮುರಿದ ಅಂಚು, ಎರಡರ ಮೈಯೂ ಒಂದೇ ಆಕಾರ. ನಿಮಿಯಾಗೆ ಭಯವೇ ಮರೆತುಹೋಯಿತು.

"ಅಷ್ಟು ಸರಿಯಾಗಿ ಹೊಂದೋ ಚೂರು ಅಲ್ಲಿ ಯಾಕಿದೆ ಡಾಕ್ಟ್ರೇ?"

"ನಂಗೂ ಗೊತ್ತಿಲ್ಲಮ್ಮ. ಇದೆ, ತಗೋತೀನಿ."

ಬೆರಳು ಮೊದಲಿನಂತಾಗುತ್ತದೆ ಎಂದು ಡಾಕ್ಟರ್ ಮಾತು ಕೊಡಲಿಲ್ಲ. "ತೆರೆರೆ ಬಟ್ಟಲನ್ನ ಮುಷ್ಟೀಲಿ ಹಿಡಿಯೋ ದಿನ ಹಾರ್ಪ್ ಮುಟ್ಟಿ. ಅದಕ್ಕೆ ಮುಂಚೆ ಬೇಡ," ಎಂದಳು.

ಆಪರೇಷನ್ನಿನಲ್ಲಿ ಕೈಯೊಂದೇ ಮರಗಟ್ಟಿತ್ತು. ನೋಡಬೇಕು, ಅಡ್ಡ ಕಟ್ಟಿದ್ದ ಬಟ್ಟೆ ಸರಿಸಿ ಎಂದು ನಿಮಿಯಾ ಗೋಗರೆದಳು, ಸರಿಸಿದರು. ಕಡಲೆಕಾಳಿನಷ್ಟು ಚೂರು ಮಣಿಕಟ್ಟಿನಿಂದ ಬಂತು, ಎರಡು ಪುಟಾಣಿ ತಿರುಪು ಅದನ್ನು ಬೆರಳಿಗೆ ಕೂರಿಸಿದವು. ಡಾಕ್ಟರ್ ಬೆರಳನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಜಾರಲಿಲ್ಲ. ತನ್ನದೇ ಬೆರಳನ್ನು ನಿಮಿಯಾ ಪಕ್ಕದ ಮನೆಯ ಕೂಸನ್ನು ನೋಡುವಂತೆ ಬೆರಗಾಗಿ ನೋಡಿದಳು.

ಆಮೇಲಿನದು ನೋವಿನ ಕಾಲ. ದಿನವೂ ಬಿಸಿನೀರಿನಲ್ಲಿ ಕೈಯಿಟ್ಟು ಹಲ್ಲುಕಚ್ಚಿ ಬೆರಳು ಮಡಿಸಬೇಕು. ಉಗುರು ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು, ಬೆರಳಿಗೇ ಸೋಮಾರಿತನ. ಡಿಯೊಲಿಂಡ ಅಜ್ಜಿ ಬಂದು ತಪ್ಪಾಯ್ತು ಮಗಳೇ ಎಂದಾಗ ನಿಮಿಯಾ ಅವಳಿಗೆ ಮಣಿಕಟ್ಟಿನ ಗಾಯ ತೋರಿಸಿ ಪಾಠ ಮಾಡಿದಳು. ಅಜ್ಜಿ ಮೂರು ಸಲ ಮುಟ್ಟಿ ನೋಡಿದಳು.

ಆಪರೇಷನ್ ಆದ ಮೂರನೆಯ ತಿಂಗಳ ಒಂದು ಭಾನುವಾರ, ಮಾವಿನ ಮರದ ಕೆಳಗೆ ವಿಲ್ಫ್ರಿಡೊ ಬಟ್ಟಲು ತುಂಬಿ ಅವಳ ಎಡಗೈಯತ್ತ ಚಾಚಿದ. ನಿಮಿಯಾ ಬಲಗೈ ಮುಂದೆ ತಂದಳು. ಮೂರು ಬೆರಳು ಮೊದಲು ಮುಚ್ಚಿದವು, ಉಂಗುರ ಬೆರಳು ತಡವಾಗಿ ಬಂದು ಸೇರಿತು. ಕೊಂಬು ಅಲುಗಲಿಲ್ಲ. ಕುಡಿದು ಹಿಂದೆ ಕೊಟ್ಟಳು, ಉಪಕಾರ ಹೇಳಲಿಲ್ಲ. ಅವನು ಮತ್ತೆ ತುಂಬಿದ. ಹೂಜಿಯ ನೀರು ಮುಗಿದರೂ ಅವಳು ಆ ಮಾತು ಎತ್ತಲಿಲ್ಲ. ವಿಲ್ಫ್ರಿಡೊ ಇನ್ನಷ್ಟು ನೀರು ತರಲು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಒಳಗಿನಿಂದ, ಮೂರು ತಿಂಗಳು ಯಾರೂ ಮುಟ್ಟದ ಹಾರ್ಪಿನ ತಂತಿಗಳನ್ನು ಅವನು ಒಂದೊಂದಾಗಿ ಶ್ರುತಿ ಮಾಡುವ ಸದ್ದು ಬಂತು.