ಐವತ್ತನೆಯ ಕಂಬಿಯವರೆಗೆ

2004ನೇ ಇಸವಿ ಮಾರ್ಚ್ 14, ಭಾನುವಾರ, ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ನಾನೂ ಮದನನೂ ಸುರಂಗದ ನೀರಿಗಿಳಿದೆವು. ತಿ. ನರಸೀಪುರದಿಂದ ಬನ್ನೂರಿಗೆ ಹೋಗುವ ದಾರಿಯ ಪಕ್ಕದ ಕಲ್ಲುಗುಡ್ಡದಲ್ಲಿ, ಕಾಲುವೆಗೆಂದು ಕೊರೆಯಲು ಹೊರಟು ಅರ್ಧಕ್ಕೇ ಬಿಟ್ಟ ಸುರಂಗ ಅದು. 1991ರಲ್ಲಿ ಬಂಡೆ ಸಿಡಿಸಿದಾಗ ಒಳಗಿನಿಂದ ನೀರು ನುಗ್ಗಿತು. ಉಳಿದವರೆಲ್ಲ ಓಡಿ ಬಂದರು; ನನ್ನ ಅಪ್ಪ ದೇವಯ್ಯ ಬರಲಿಲ್ಲ. ನೀರೂ ಬತ್ತಲಿಲ್ಲ, ಹೆಣವೂ ಸಿಗಲಿಲ್ಲ. ಈಗ ದನಗಳು ಬೀಳುತ್ತವೆಂದು ಸೋಮವಾರ ಅದರ ಬಾಯಿಗೆ ಕಾಂಕ್ರೀಟ್ ಹಾಕುವವರಿದ್ದರು. ನಮಗೆ ಸಿಕ್ಕಿದ್ದು ಒಂದೇ ದಿನದ ಅನುಮತಿ.

ಅಣೆಕಟ್ಟುಗಳ ಗೇಟುಗಳನ್ನು ನೀರಿನಡಿ ಪರೀಕ್ಷಿಸುವುದು ನಮ್ಮಿಬ್ಬರ ಉದ್ಯೋಗ. ಆ ಕೆಲಸಕ್ಕೆ ಬಳಸುವ ಸ್ಕೂಟರ್ ಒಂದು ನಮ್ಮಲ್ಲಿತ್ತು. ಬ್ಯಾಟರಿಯಿಂದ ಫ್ಯಾನು ತಿರುಗುವ, ತೋಳುದ್ದದ ಯಂತ್ರ. ಹಿಡಿದುಕೊಂಡರೆ ಇಬ್ಬರನ್ನೂ ನಿಮಿಷಕ್ಕೆ ನಲವತ್ತು ಮೀಟರ್ ಎಳೆದೊಯ್ಯುತ್ತದೆ. ಈಜಿದರೆ ಹದಿನೈದು. ಗುಹೆಯ ನೀರಿಗಿಳಿಯುವವರು ಸ್ಕೂಟರಿನ ವೇಗವನ್ನು ನಂಬಿ ದೂರ ನಿರ್ಧರಿಸುವುದಿಲ್ಲ. ಅದು ಕೆಟ್ಟು, ಜೊತೆಗೆ ಒಬ್ಬನ ಗಾಳಿಯೂ ನಿಂತರೆ, ಇನ್ನೊಬ್ಬನ ಸಿಲಿಂಡರಿನಲ್ಲೇ ಉಸಿರಾಡುತ್ತ ಇಬ್ಬರೂ ಈಜಿ ಹೊರಬರಬೇಕು. ಹಾಗೆ ಬರಲಾಗುವಷ್ಟೇ ದೂರ ಒಳಗೆ ಹೋಗಬೇಕು. ಗುರುವಾರ ನಂಜನಗೂಡಿನಲ್ಲಿ, ಕಪಿಲೆಯ ಒಂದು ಮಡುವಿನಲ್ಲಿ ಹಗ್ಗ ಕಟ್ಟಿ ಎರಡು ಸಲ ಹಾಗೆ ಈಜಿ ನೋಡಿದ್ದೆವು. ಎರಡು ಸಲವೂ ಮುನ್ನೂರು ಮೀಟರ್ ದಾಟುತ್ತಿದ್ದಂತೆ ಸಿಲಿಂಡರ್ ಬರಿದಾಗಿ ಉಸಿರೆಳೆಯುವುದು ಕಷ್ಟವಾಯಿತು.

ಅಪ್ಪನ ಜೊತೆ ದುಡಿದ ಹುಚ್ಚಯ್ಯ ಸುರಂಗದೊಳಗೆ ಟ್ರಾಲಿ ಓಡಲು ಕಂಬಿ ಹಾಸಿದವನು. ಆರು ಮೀಟರಿನ ಕಂಬಿ ಅರವತ್ತೆರಡು ಜೊತೆ, ಆಮೇಲೆ ಬರೀ ಬಂಡೆ, ನಿಮ್ಮಪ್ಪ ಆ ಬಂಡೆಯ ಬುಡದಲ್ಲೇ ಇದ್ದ ಎಂದು ಅವನು ಹೇಳಿದ್ದ. ಮುನ್ನೂರು ಮೀಟರೆಂದರೆ ಐವತ್ತು ಕಂಬಿ. ಈ ಲೆಕ್ಕವನ್ನು ಅವ್ವನಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ನಮ್ಮಲ್ಲಿ ಮಣ್ಣು ಮಾಡುವಾಗ ಮನೆಯವರು ಮೂರು ಹಿಡಿ ಮಣ್ಣು ಹಾಕುತ್ತಾರೆ. ಅವ್ವ ಮರಿತಾಯಮ್ಮನಿಗೆ ಆ ಮೂರು ಹಿಡಿ ಹದಿಮೂರು ವರ್ಷದಿಂದ ಬಾಕಿ. ಆ ದಿನ ಪಂಚೆಯ ತುಂಡಿನಲ್ಲಿ ನಮ್ಮ ಸ್ಮಶಾನದ ಮಣ್ಣು ಕಟ್ಟಿ ತಂದಿದ್ದಳು. ಮಣ್ಣು ಕದಡಿದರೆ ಒಳಗೆ ನಮಗೆ ಕಣ್ಣೇ ಕಾಣದು ಎಂದು ವಿವರಿಸಿದೆ. ಕಾಂಕ್ರೀಟಿನವರು ತಂದಿಟ್ಟಿದ್ದ ಮರಳಿನ ಜರಡಿಗೆ ಮಣ್ಣು ಸುರಿದಳು. ಮೇಲುಳಿದ ಹರಳುಗಳನ್ನು ಅಕ್ಕಿ ತೊಳೆದಂತೆ ಮೂರು ನೀರಿನಲ್ಲಿ ತೊಳೆದು ನನ್ನ ಚೀಲಕ್ಕೆ ಹಾಕಿದಳು.

“ನಿಮ್ಮಪ್ಪನ ಪಕ್ದಲ್ಲೇ ಇಕ್ಕು ಮಗ. ದೂರದಿಂದ ಎಸ್ದು ಬರಬ್ಯಾಡ.”

ಮದನ ನನ್ನನ್ನು ಪಕ್ಕಕ್ಕೆ ಕರೆದ. “ಈ ಗಾಡಿ ಒಂದಿನಾನೂ ಕೈಕೊಟ್ಟಿಲ್ಲ ಕಣೋ. ಐವತ್ತರ ಆಚೆ ಇನ್ನೆರಡು ನಿಮಿಷದ ದಾರಿ. ನೀನೋ, ಮದುವೆ ಮನೇಲೂ ಸ್ಕೇಲ್ ಇಟ್ಟು ಪಾಯಸ ಕುಡಿಯೋನು.”

ಐವತ್ತೇ ಎಂದೆ.

ಕಂಬಿಯ ಸಂದುಗಳನ್ನು ಎಣಿಸುತ್ತ ಹೋದೆ. 9 ಗಂಟೆ 48 ನಿಮಿಷಕ್ಕೆ ಐವತ್ತನೆಯದು ಬಂತು. ಸ್ವಿಚ್ಚಿನಿಂದ ಬೆರಳು ತೆಗೆದೆ. ನೀರು ಗಾಜಿನಂತಿತ್ತು. ಟಾರ್ಚಿನ ಬೆಳಕಿನಲ್ಲಿ ತುಕ್ಕು ಹಿಡಿದ ಎರಡು ಕಂಬಿಗಳು ಮುಂದೆ ಹೋಗಿ ಕತ್ತಲೆಯಲ್ಲಿ ಕಾಣದಾದವು. ಮದನ ಮುಂದಕ್ಕೆ ಕೈ ತೋರಿಸಿದ. ಎರಡು ಬೆರಳು ಎತ್ತಿದ: ಎರಡು ನಿಮಿಷ. ನನ್ನ ಬೆರಳು ಮತ್ತೆ ಸ್ವಿಚ್ಚಿನ ಮೇಲೆ ಹೋಗಿತ್ತು. ಅಪ್ಪನಿಗೆ ಇಷ್ಟು ಹತ್ತಿರ ನಾನು ಹದಿಮೂರು ವರ್ಷದಲ್ಲಿ ಬಂದಿರಲಿಲ್ಲ, ಇನ್ನು ಬರುವಂತೆಯೂ ಇರಲಿಲ್ಲ. ಒಂದು ನಿಮಿಷ ಹಾಗೇ ತೇಲುತ್ತಿದ್ದೆ. ಮೇಲೆ ಜರಡಿಯ ಪಕ್ಕ ಕೂತ ಅವ್ವ ನೆನಪಾದಳು. ಅವಳಿಗೆ ನನಗೆಂದೂ ಇನ್ನು ಮೂರು ಹಿಡಿ ತೊಳೆಯುವ ಕೆಲಸ ಕೊಡಲಾರೆ ಅನ್ನಿಸಿತು. ಹರಳುಗಳನ್ನು ಕಂಬಿಯ ಸಂದಿನ ಮೇಲೆ ಒಂದೊಂದೇ ಹಿಡಿಯಾಗಿ ಇಟ್ಟು ತಿರುಗಿದೆ.

ಸ್ಕೂಟರ್ ದಾರಿಯುದ್ದಕ್ಕೂ ಒಂದು ಸಲವೂ ತಡವರಿಸದೆ ನಮ್ಮನ್ನು ಹೊರಗೆ ತಂದಿತು.

ಪಕ್ಕದಲ್ಲೇ ಇಕ್ಕಿದೆಯಾ ಎಂದು ಅವ್ವ ಕೇಳಿದಳು. ಹೂಂ ಎನ್ನಬಹುದಿತ್ತು. ಮದನ ಬೆನ್ನು ತಿರುಗಿಸಿ ಸಿಲಿಂಡರ್ ಬಿಚ್ಚತೊಡಗಿದ. ಇಲ್ಲ ಎಂದೆ, ಮರಳಿ ಈಜಿ ಬರಲಾಗದ ಕಡೆ ಹೋಗುವಂತಿಲ್ಲ ಎಂಬುದನ್ನೂ ಹೇಳಿದೆ. ಅವಳು ಜರಡಿಯನ್ನು ಬದಿಗಿಟ್ಟು ಎದ್ದಳು.

“ಎಸ್ಟು ದೂರ ಉಳ್ಕತು? ನೆಲದ ಮ್ಯಾಲೆ ತೋರ್ಸು.”

ಟೇಪಿನ ತುದಿಯನ್ನು ಅವಳ ಕೈಗೆ ಕೊಟ್ಟು, ಗುಡ್ಡದ ಬುಡದ ಕಾಲುದಾರಿಯಲ್ಲಿ ಉಳಿದ ಹನ್ನೆರಡು ಕಂಬಿಯಷ್ಟು ದೂರ ನಡೆದು ಹೋಗಿ ನಿಂತೆ. ಅಲ್ಲಿಂದ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಅವಳು ಅಪ್ಪನೊಡನೆ ಏನೋ ಮಾತಾಡುತ್ತಿದ್ದುದು ಮಾತ್ರ ಕೇಳುತ್ತಿತ್ತು. ಟೇಪು ನೋಡಿದೆ: 72 ಮೀಟರ್.